ಸ್ಪ್ಯಾನಿಶ್ ಬಿ1ಕ್ಕೆ ಬಂದು ನಿಂತು ಹೋಗೋದ್ಯಾಕೆ? ವಿಷಯ ಹಿಡಿದು ಭಾಷೆ ಕಲಿಸುವ ವಿಧಾನದ ಪರಿಚಯ

2019ರ ಅಕ್ಟೋಬರ್. ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಮೆಟ್ರೊ ದರವನ್ನು 30 ಪೆಸೊ ಏರಿಸಲಾಯಿತು. ಹೈಸ್ಕೂಲ್ ಮಕ್ಕಳು ಟಿಕೆಟ್ ತಗೊಳ್ಳದೆ ಗೇಟ್ ಹಾರಿ ಒಳಗೆ ನುಗ್ಗಿದರು. ಕೆಲವೇ ವಾರಗಳಲ್ಲಿ ಇಡೀ ದೇಶ ಬೀದಿಗೆ ಬಂತು. ಆಗ ಗೋಡೆ, ಬ್ಯಾನರ್ ಎಲ್ಲ ಕಡೆ ಕಂಡ ಒಂದು ಘೋಷಣೆ: 'ನೊ ಸೊನ್ ತ್ರೇಯಿಂತಾ ಪೆಸೊಸ್, ಸೊನ್ ತ್ರೇಯಿಂತಾ ಆನ್ಯೊಸ್'. ಇದು 30 ಪೆಸೊ ಪ್ರಶ್ನೆ ಅಲ್ಲ, 30 ವರ್ಷದ ಪ್ರಶ್ನೆ ಅಂತ.

ಆ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಆಫೀಸ್ ಮುಗಿಸಿ ಸಂಜೆ ಕ್ಲಾಸಿಗೆ ಹೋಗಿ ಸ್ಪ್ಯಾನಿಶ್‌ನ ಮೂರು ಲೆವೆಲ್ ಮುಗಿಸಿದ್ದೆ. ಈ ಘೋಷಣೆಯ ಒಂದೊಂದು ಪದವೂ ನನಗೆ ಮೊದಲ ತಿಂಗಳಲ್ಲೇ ಕಲಿಸಿದ್ದು. ಮೂವತ್ತು ಗೊತ್ತು, ವರ್ಷ ಗೊತ್ತು, 'ಅಲ್ಲ' ಗೊತ್ತು. ಆದರೆ ಯಾವ 30 ವರ್ಷ? ಸರ್ವಾಧಿಕಾರಿ ಪಿನೊಚೆ 1990ರಲ್ಲಿ ಅಧಿಕಾರ ಬಿಟ್ಟಮೇಲೂ ಅವನ ಕಾಲದ 1980ರ ಸಂವಿಧಾನ, ಖಾಸಗಿ ಪಿಂಚಣಿ ವ್ಯವಸ್ಥೆ ಹಾಗೇ ಉಳಿದಿದ್ದ 30 ವರ್ಷ. ಅದು ನನಗೆ ಗೊತ್ತಿರಲಿಲ್ಲ. ಅದೇ ದಿನ ನೋಡಿದ ಇನ್ನೊಂದು ವಿಡಿಯೊದಲ್ಲಿ ವಯಸ್ಸಾದ ಹೆಂಗಸೊಬ್ಬರು ತಮ್ಮ ಪಿಂಚಣಿ ಬಗ್ಗೆ ಎರಡು ನಿಮಿಷ ಮಾತಾಡಿದರು. ನನಗೆ ದಕ್ಕಿದ್ದು ನಾಲ್ಕೈದು ಪದ. ಆದರೆ ಕೇಳಿ, ಸಮುದ್ರದ ಕಡೆ ಕಿಟಕಿ ಇರುವ ಹೋಟೆಲ್ ರೂಮ್ ಬುಕ್ ಮಾಡೋಕೆ ನನಗೆ ಚೆನ್ನಾಗಿ ಬರ್ತಿತ್ತು.

ಸ್ಪ್ಯಾನಿಶ್ ಕಲಿಯುವ ಬಹಳಷ್ಟು ಜನ ಬಂದು ನಿಲ್ಲುವ ಜಾಗ ಇದು. ಇಲ್ಲಿಂದ ಮುಂದಕ್ಕೆ ದಾಟಿಸೋದು ಹೇಗೆ ಅಂತ ಭಾಷಾ ಶಿಕ್ಷಕರು ಐದು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಅವರು ಕಂಡುಕೊಂಡ ದಾರಿಗಳಲ್ಲಿ ಹೆಚ್ಚು ಫಲ ಕೊಟ್ಟಿದ್ದು ಒಂದು: ವ್ಯಾಕರಣದ ಪಟ್ಟಿ ಬಿಟ್ಟು, ನಿಜವಾದ ವಿಷಯವೊಂದನ್ನು ತರಗತಿಯ ನಡುವೆ ಇಡೋದು, ಅದರ ಬಗ್ಗೆ ತಿಳಿದುಕೊಳ್ಳೋಕೆ, ವಾದ ಮಾಡೋಕೆ ಭಾಷೆ ಬೇಕೇಬೇಕು ಅನ್ನುವ ಹಾಗೆ ಮಾಡೋದು. ಈ ಪರಿಚಯ ಅದರ ಬಗ್ಗೆ.

ಮಧ್ಯಮ ಹಂತ ಅಂದರೆ ಯಾವುದು?

ಭಾಷಾ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಾಗಿ ನೋಡುವ ಚೌಕಟ್ಟನ್ನು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿತು. ಇವತ್ತು ಡೆಲೆ ಪರೀಕ್ಷೆ ಇರಲಿ, ಕಂಪನಿಗಳ ನೇಮಕಾತಿ ಇರಲಿ, ಎಲ್ಲರೂ ಮಾತಾಡೋದು ಇದೇ ಲೆಕ್ಕದಲ್ಲಿ. ಎ1, ಎ2 ಶುರುವಿನ ಹಂತ. ಬಿ1, ಬಿ2 ಮಧ್ಯಮ. ಬಿ1 ಅಂದರೆ ಪರಿಚಿತ ವಿಷಯದ ಬಗ್ಗೆ, ಎದುರಿನವರು ಸ್ಪಷ್ಟವಾಗಿ ಮಾತಾಡಿದರೆ, ನಿಭಾಯಿಸಬಲ್ಲಿರಿ ಅಂತ. ಬಿ2 ಅಂದರೆ ಅಮೂರ್ತ ವಿಷಯದ ಬಗ್ಗೆಯೂ ಅಭಿಪ್ರಾಯ ಇಟ್ಟು ಸಮರ್ಥಿಸಿಕೊಳ್ಳಬಲ್ಲಿರಿ, ಆ ಭಾಷೆಯನ್ನೇ ಮನೆಮಾತಾಗಿ ಆಡುವವರ ಜೊತೆ ಇಬ್ಬರಿಗೂ ಸುಸ್ತಾಗದ ಹಾಗೆ ಮಾತಾಡಬಲ್ಲಿರಿ ಅಂತ.

ಈ ಎರಡರ ನಡುವಿನ ದೂರ ಕಾಗದದಲ್ಲಿ ಒಂದೇ ಮೆಟ್ಟಿಲು. ಕಲಿಯುವವರ ಕಾಲಿಗೆ ಅದು ಘಾಟಿ. ಕಾರಣ ಸರಳ. ಶುರುವಿನಲ್ಲಿ ಕಲಿತ ಒಂದೊಂದು ಪದವೂ ದಿನಾ ಕಿವಿಗೆ ಬೀಳುತ್ತೆ: ನೀರು, ಮನೆ, ಹೋಗು, ಬಾ. ಮೊದಲ ಒಂದೆರಡು ಸಾವಿರ ಪದ ಕಲಿತರೆ ಯಾವುದೇ ಪುಟದ ಬಹುಪಾಲು ಪದಗಳು ಪರಿಚಿತ ಅನ್ನಿಸುತ್ತವೆ. ಆಮೇಲಿನ ಪದಗಳು ಹಾಗಲ್ಲ. 'ಪಿಂಚಣಿ', 'ತೀರ್ಪು', 'ಗುತ್ತಿಗೆ' ಥರದ ಪದ ಯಾವಾಗಲೋ ಒಮ್ಮೆ ಬರ್ತವೆ, ಆದರೆ ಬಂದಾಗ ಇಡೀ ವಾಕ್ಯದ ಜೀವ ಅದರಲ್ಲೇ ಇರುತ್ತೆ. ಇಂಥ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ನಿಲ್ಲೋದಿಲ್ಲ. ಒಂದೇ ವಿಷಯದ ಸುತ್ತ ಎರಡು ಮೂರು ವಾರ ಓದಿ, ಕೇಳಿ, ಮಾತಾಡಿದರೆ ಅದೇ ಪದ ಹತ್ತಾರು ಸಲ ಎದುರಾಗಿ ತಾನಾಗೇ ಕೂತುಬಿಡುತ್ತೆ. ವಿಷಯಾಧಾರಿತ ಬೋಧನೆಯ ಮೊದಲ ಸಮರ್ಥನೆ ಇದು. ಇದರಲ್ಲಿ ಯಾವ ಸಿದ್ಧಾಂತವೂ ಇಲ್ಲ, ಬರೀ ಲೆಕ್ಕಾಚಾರ.

ಹೋಟೆಲ್ ರೂಮಿನ ಹಿಂದಿರುವ ಇತಿಹಾಸ

ಭಾಷೆ ಅಂದರೆ ವ್ಯಾಕರಣ ಮಾತ್ರ ಅಲ್ಲ, ಯಾರ ಹತ್ತಿರ ಯಾವಾಗ ಹೇಗೆ ಮಾತಾಡಬೇಕು ಅನ್ನೋದೂ ಅದರ ಭಾಗ ಅನ್ನುವ ವಾದವನ್ನು ಅಮೆರಿಕದ ಡೆಲ್ ಹೈಮ್ಸ್ 1960ರ ದಶಕದಲ್ಲಿ ಮುಂದಿಟ್ಟರು. ಅದರ ಬೆನ್ನಿಗೇ 'ಸಂವಹನ ವಿಧಾನ' ಹುಟ್ಟಿತು. 1975ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇಂಗ್ಲಿಷ್‌ಗಾಗಿ 'ಹೊಸ್ತಿಲ ಮಟ್ಟ' ಅನ್ನುವ ಪಟ್ಟಿ ತಂದಿತು. 1979ರಲ್ಲಿ ಪೀಟರ್ ಸ್ಲಾಗ್ಟರ್ ಅದರ ಸ್ಪ್ಯಾನಿಶ್ ರೂಪ ಸಿದ್ಧ ಮಾಡಿದರು. ಕ್ಷಮೆ ಕೇಳೋದು, ದಾರಿ ಕೇಳೋದು, ಆಹ್ವಾನಿಸೋದು, ನಿರಾಕರಿಸೋದು ಹೀಗೆ ಭಾಷೆಯನ್ನು ಕೆಲಸಗಳಾಗಿ ಬಿಡಿಸಿದ ಪಟ್ಟಿ ಅದು.

ಉದ್ದೇಶ ಒಳ್ಳೆಯದೇ. ಆದರೆ ಪಠ್ಯಪುಸ್ತಕದೊಳಗೆ ಬರುವ ಹೊತ್ತಿಗೆ ಏನಾಯ್ತು ಅಂದರೆ, ಭಾಷೆ ಕಲಿಯುವವನು ಅಂದರೆ ಪ್ರವಾಸಿ ಅಂತಾಯ್ತು. ಹೋಟೆಲ್, ವಿಮಾನ ನಿಲ್ದಾಣ, ರೆಸ್ಟೊರೆಂಟ್, ಬಟ್ಟೆ ಅಂಗಡಿ. 25 ವರ್ಷದ ಮನುಷ್ಯ, ತನ್ನ ಭಾಷೆಯಲ್ಲಿ ಮೀಸಲಾತಿ ಬಗ್ಗೆ ಒಂದು ಗಂಟೆ ವಾದ ಮಾಡಬಲ್ಲವನು, ಸ್ಪ್ಯಾನಿಶ್ ಕ್ಲಾಸಿನಲ್ಲಿ 'ನನ್ನ ಮೆಚ್ಚಿನ ಬಣ್ಣ ನೀಲಿ' ಅಂತಿರುತ್ತಾನೆ. ಶುರುವಿನ ಹಂತದಲ್ಲಿ ಅದು ಅನಿವಾರ್ಯ ಇರಬಹುದು. ಮಧ್ಯಮ ಹಂತದಲ್ಲಿ ಅದು ಅವಮಾನ. ಹೇಳೋಕೆ ಏನೂ ಇಲ್ಲದಿದ್ದಾಗ ಮಾತು ಬೆಳೆಯೋದಾದರೂ ಹೇಗೆ?

ಈ ಕೊರತೆಗೆ ಬಂದ ಮುಖ್ಯ ಉತ್ತರಗಳಲ್ಲಿ ಒಂದು ನಮ್ಮೂರಿನದ್ದು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು ಮತ್ತು ಮದ್ರಾಸ್ ಕಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಮತ್ತು ಬ್ರಿಟಿಷ್ ಕೌನ್ಸಿಲ್ ಅದಕ್ಕೆ ಬೆನ್ನೆಲುಬು. ಕಲಿಸಿದ್ದು ಇಂಗ್ಲಿಷ್, ಸ್ಪ್ಯಾನಿಶ್ ಅಲ್ಲ. ಆದರೆ ಭಾಷಾ ಬೋಧನೆಯ ಜಗತ್ತಿನಲ್ಲಿ ಅದು 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಪ್ರಸಿದ್ಧ. ಪ್ರಭು ವ್ಯಾಕರಣದ ಪಠ್ಯಕ್ರಮವನ್ನೇ ಪಕ್ಕಕ್ಕಿಟ್ಟರು. ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಥರದ್ದು ಕೊಟ್ಟು ಸಮಸ್ಯೆ ಬಿಡಿಸೋಕೆ ಹೇಳಿದರು. ಗಮನ ಸಮಸ್ಯೆಯ ಮೇಲಿರಲಿ, ಭಾಷೆ ಅದರ ಹಿಂದೆ ಬರುತ್ತೆ ಅನ್ನೋದು ಅವರ ನಂಬಿಕೆ. 1987ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಅವರ ಪುಸ್ತಕ ಇಂದಿಗೂ ಈ ಕ್ಷೇತ್ರದವರು ಓದಲೇಬೇಕಾದ್ದು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಲ್ಲೇ ಸ್ಪ್ಯಾನಿಶ್ ಕಲಿತ ನನಗೆ ಈ ಹೆಸರು ಗೊತ್ತಾಗಿದ್ದು ಸ್ಪೇನ್‌ನ ಶಿಕ್ಷಕರೊಬ್ಬರ ಆನ್‌ಲೈನ್ ಉಪನ್ಯಾಸದಿಂದ, ಅದು ಬೇರೆ ಮಾತು.

ಪ್ರಭು ಮೂರು ಬಗೆಯ 'ಅಂತರ'ಗಳನ್ನು ಗುರುತಿಸಿದರು. ಒಂದು, ಮಾಹಿತಿಯ ಅಂತರ: ನಿಮಗೆ ಗೊತ್ತಿರೋದು ನನಗೆ ಗೊತ್ತಿಲ್ಲ, ಕೇಳಿ ತಿಳಿಯಬೇಕು. ಎರಡು, ತರ್ಕದ ಅಂತರ: ಕೊಟ್ಟ ಮಾಹಿತಿಯಿಂದ ಅದರಲ್ಲಿ ನೇರವಾಗಿ ಇಲ್ಲದ್ದನ್ನು ಯೋಚಿಸಿ ತೆಗೆಯಬೇಕು. ಮೂರು, ಅಭಿಪ್ರಾಯದ ಅಂತರ. ಶಾಲಾ ಮಕ್ಕಳಿಗೆ ಎರಡನೆಯದೇ ಹೆಚ್ಚು ಕೆಲಸ ಮಾಡ್ತು ಅನ್ನೋದು ಅವರು ಕಂಡುಕೊಂಡ ಸಂಗತಿ. ಬರೀ ಮಾಹಿತಿ ಕೇಳೋದು ಒಂದೆರಡು ಪದದಲ್ಲಿ ಮುಗಿಯುತ್ತೆ, ಬರೀ ಅಭಿಪ್ರಾಯ ಕೇಳಿದರೆ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯೋಲ್ಲ. ಈ ಮೂರನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ 'ಕಾರ್ಯಾಧಾರಿತ' ಯೋಚನೆ 1990ರ ದಶಕದಲ್ಲಿ ಸ್ಪೇನ್‌ನ ಸ್ಪ್ಯಾನಿಶ್ ಪುಸ್ತಕಗಳಿಗೂ ಬಂತು. ಬಾರ್ಸಿಲೋನಾದ ದಿಫುಸಿಯೊನ್ ಪ್ರಕಾಶನ ತಂದ, ಎರ್ನೆಸ್ತೊ ಮಾರ್ತಿನ್ ಪೆರಿಸ್ ಮತ್ತು ನೆಉಸ್ ಸಾನ್ಸ್ ಬರೆದ 'ಖೆಂತೆ' ಅದರ ಹೆಸರಾಂತ ಉದಾಹರಣೆ. ಖೆಂತೆ ಅಂದರೆ ಜನ. ಅದರಲ್ಲಿ ಪ್ರತಿ ಘಟಕವೂ ಎಲ್ಲರೂ ಸೇರಿ ಮಾಡಬೇಕಾದ ಒಂದು ಕೆಲಸದ ಕಡೆಗೆ ಸಾಗುತ್ತೆ. ವ್ಯಾಕರಣ ಆ ಕೆಲಸಕ್ಕೆ ಬೇಕಾದಷ್ಟು ಬರುತ್ತೆ. ಅತ್ತ ಉತ್ತರ ಅಮೆರಿಕದಲ್ಲಿ 1989ರಲ್ಲಿ ಬ್ರಿಂಟನ್, ಸ್ನೋ ಮತ್ತು ವೆಶ್ 'ವಿಷಯಾಧಾರಿತ ಬೋಧನೆ'ಗೆ ಒಂದು ಕೈಪಿಡಿಯನ್ನೇ ಬರೆದರು.

ದೆಸ್ತಿನೊಸ್: ಧಾರಾವಾಹಿ ನೋಡಿ ಕಲಿತವರು

ಸ್ಪ್ಯಾನಿಶ್ ಕಲಿಕೆಯ ಇತಿಹಾಸದಲ್ಲಿ ಒಂದು ವಿಶೇಷ ಪ್ರಯೋಗ 1992ರ 'ದೆಸ್ತಿನೊಸ್'. ಅಮೆರಿಕದ ಸಾರ್ವಜನಿಕ ಟಿವಿಗೆ ಮಾಡಿದ 52 ಕಂತುಗಳ ಧಾರಾವಾಹಿ, ಪಾಠದ ಹೊಣೆ ಭಾಷಾ ಸಂಶೋಧಕ ಬಿಲ್ ವ್ಯಾನ್‌ಪ್ಯಾಟನ್ ಅವರದ್ದು. ಕಥೆ ಪಕ್ಕಾ ಸೀರಿಯಲ್. ಮೆಕ್ಸಿಕೊದ ಮುದುಕ ಜಮೀನ್ದಾರ ದೊನ್ ಫೆರ್ನಾಂದೊಗೆ ಸ್ಪೇನ್‌ನಿಂದ ಒಂದು ಪತ್ರ ಬರುತ್ತೆ. ಅಂತರ್ಯುದ್ಧದಲ್ಲಿ, 1937ರ ಗೆರ್ನಿಕಾ ಬಾಂಬ್ ದಾಳಿಯಲ್ಲಿ ಸತ್ತಳು ಅಂದುಕೊಂಡಿದ್ದ ಅವನ ಮೊದಲ ಹೆಂಡತಿ ಬದುಕಿದ್ದಳು ಅನ್ನುವ ಸುಳಿವು. ಅದರ ಜಾಡು ಹಿಡಿದು ಲಾಸ್ ಏಂಜಲೀಸ್‌ನ ವಕೀಲೆ ರಕೆಲ್ ರೊದ್ರಿಗೆಸ್ ಸ್ಪೇನ್, ಅರ್ಜೆಂಟೀನಾ, ಪೋರ್ಟೊ ರಿಕೊ, ಮೆಕ್ಸಿಕೊ ಸುತ್ತುತ್ತಾಳೆ.

ಇದರಲ್ಲಿ ನಿಜವಾದ ಜಾಣತನ ಕಥೆಯಲ್ಲಿಲ್ಲ. ಮೂರು ಬಗೆಯ ಸ್ಪ್ಯಾನಿಶ್ ಇದೆ. ನಿರೂಪಕ ನಿಧಾನವಾಗಿ ನಮ್ಮ ಹತ್ತಿರ ಮಾತಾಡೋದು ಒಂದು. ಪ್ರತಿ ಕಂತಿನ ಕೊನೆಗೆ ರಕೆಲ್ ಇವತ್ತು ಏನೇನಾಯ್ತು ಅಂತ ತಾನೇ ನೆನಪು ಮಾಡಿಕೊಳ್ಳೋದು ಇನ್ನೊಂದು. ಪಾತ್ರಗಳು ತಮ್ಮ ತಮ್ಮಲ್ಲಿ ಸಹಜ ವೇಗದಲ್ಲಿ ಮಾತಾಡೋದು ಮೂರನೆಯದು. ಒಂದೇ ಘಟನೆ ಮೂರು ಸಲ ಕಿವಿಗೆ ಬೀಳುತ್ತೆ, ಆದರೆ ಪಾಠ ಅನ್ನಿಸೋದಿಲ್ಲ. 'ಮುಂದೇನಾಯ್ತು' ಅನ್ನುವ ಕುತೂಹಲ ಜನರನ್ನು ಮುಂದಿನ ಕಂತಿಗೆ ಎಳೆಯುತ್ತೆ. ಒಳ್ಳೆಯ ಸಾಮಗ್ರಿ ಅಂದರೆ ಇಷ್ಟೇ: ಭಾಷೆಗಿಂತ ಹೆಚ್ಚಾಗಿ ಬೇರೇನೋ ತಿಳಿಯುವ ಆಸೆ ಹುಟ್ಟಿಸಬೇಕು.

ಕೇಳಿದರೆ ಸಾಕಾ? ಕ್ರಾಶೆನ್ ಮತ್ತು ಸ್ವೇನ್

1980ರ ದಶಕದಲ್ಲಿ ಸ್ಟೀಫನ್ ಕ್ರಾಶೆನ್ ಒಂದು ದಿಟ್ಟ ಮಾತು ಹೇಳಿದರು. ನಮ್ಮ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುವ, ಆದರೆ ಅರ್ಥವಾಗುವ ಭಾಷೆ ಧಾರಾಳವಾಗಿ ಸಿಕ್ಕರೆ ಸಾಕು, ಭಾಷೆ ಒಳಗಿಳಿಯುತ್ತೆ. ವ್ಯಾಕರಣದ ಡ್ರಿಲ್‌ನಿಂದ ದೊಡ್ಡ ಪ್ರಯೋಜನ ಇಲ್ಲ. ಇವತ್ತು ಯೂಟ್ಯೂಬ್‌ನಲ್ಲಿ 'ನೂರಾರು ಗಂಟೆ ಸುಮ್ಮನೆ ಕೇಳಿ' ಅನ್ನುವ ಸ್ಪ್ಯಾನಿಶ್ ಚಾನೆಲ್‌ಗಳೆಲ್ಲ ಅವರ ಮಕ್ಕಳು, ಮೊಮ್ಮಕ್ಕಳು.

ಇದಕ್ಕೆ ಗಟ್ಟಿ ತಕರಾರು ಬಂದಿದ್ದು ಕೆನಡಾದಿಂದ. 1965ರಲ್ಲಿ ಮಾಂಟ್ರಿಯಲ್ ಹತ್ತಿರದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ತಂದೆತಾಯಿಗಳು ಒತ್ತಾಯ ಮಾಡಿ, ತಮ್ಮ ಮಕ್ಕಳಿಗೆ ಪಾಠಗಳನ್ನು ಫ್ರೆಂಚ್‌ನಲ್ಲೇ ಕಲಿಸುವ ಶಾಲೆ ಶುರು ಮಾಡಿಸಿದರು. ವಿಷಯದ ಮೂಲಕ ಭಾಷೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕೆ? ಮುಂದೆ ಇಂಥ ಶಾಲೆಗಳ ಮಕ್ಕಳನ್ನು ಅಧ್ಯಯನ ಮಾಡಿದ ಮೆರಿಲ್ ಸ್ವೇನ್ 1985ರಲ್ಲಿ ಗಮನಿಸಿದ್ದು ಹೀಗೆ: ಈ ಮಕ್ಕಳು ಫ್ರೆಂಚ್ ಕೇಳಿ, ಓದಿ ಅರ್ಥ ಮಾಡಿಕೊಳ್ಳೋದರಲ್ಲಿ ಬಹಳ ಮುಂದಿದ್ದಾರೆ. ಆದರೆ ವರ್ಷಗಟ್ಟಲೆ ಕೇಳಿದ ಮೇಲೂ ಮಾತಾಡುವಾಗ, ಬರೆಯುವಾಗ ಲಿಂಗ, ಕ್ರಿಯಾರೂಪಗಳಲ್ಲಿ ತಪ್ಪು ಉಳಿದೇಬಿಟ್ಟಿದೆ. ಯಾಕೆಂದರೆ ಕೇಳುವಾಗ ಅರ್ಥ ಊಹಿಸಿ ಮುಂದೆ ಹೋಗಬಹುದು. ಮಾತಾಡುವಾಗ ಹಾಗಾಗೋದಿಲ್ಲ, ಕ್ರಿಯಾಪದದ ಕೊನೆಗೆ ಏನಾದರೂ ಒಂದನ್ನು ಹಾಕಲೇಬೇಕು. ಆಗಲೇ ನಮಗೆ ಏನು ಬರೋಲ್ಲ ಅಂತ ಗೊತ್ತಾಗೋದು.

ನನ್ನ ಅನುಭವ ಸ್ವೇನ್ ಪರ. ಮನೆಯಲ್ಲಿ ಕನ್ನಡ ಕೇಳಿ ಬೆಳೆದೂ ಇಂಗ್ಲಿಷ್‌ನಲ್ಲೇ ಉತ್ತರ ಕೊಡುವ ಹೊರದೇಶದ ಕಸಿನ್‌ಗಳು ನಿಮಗೂ ಇರ್ತಾರೆ. ಅವರಿಗೆ ಎಲ್ಲ ಅರ್ಥ ಆಗುತ್ತೆ, ಬಾಯಿ ತೆರೆದರೆ ಅಜ್ಜಿಗೂ 'ಬಾ' ಅಂತಾರೆ. ಹಾಗಾಗಿ ವಿಷಯ ಇಡಬೇಕು, ಜೊತೆಗೆ ಆ ವಿಷಯದ ಮಧ್ಯೆಯೇ ಆಗಾಗ ನಿಂತು ಭಾಷೆಯ ರೂಪವನ್ನೂ ತೋರಿಸಬೇಕು. ಇದು ಹೇಗೆ ನಡೆಯುತ್ತೆ ಅನ್ನೋಕೆ ಒಂದು ಉದಾಹರಣೆ ನೋಡೋಣ.

ಒಂದು ಘಟಕ: ಕೊಚಬಂಬಾದ ನೀರು

ಬೊಲಿವಿಯಾದ ಕೊಚಬಂಬಾ ನಗರದ ನೀರು ಸರಬರಾಜನ್ನು 1999ರಲ್ಲಿ 'ಆಗ್ವಾಸ್ ದೆಲ್ ತುನಾರಿ' ಅನ್ನುವ ಕೂಟಕ್ಕೆ ಗುತ್ತಿಗೆ ಕೊಟ್ಟರು. ಅದರ ಹಿಂದೆ ಅಮೆರಿಕದ ಬೆಕ್ಟೆಲ್ ಇತ್ತು. 2000ದ ಜನವರಿಯಲ್ಲಿ ದರ ಏರಿತು, ಕೆಲವು ಮನೆಗಳ ಬಿಲ್ ದುಪ್ಪಟ್ಟಾಯಿತು. ಕಾರ್ಮಿಕರು, ರೈತರು, ನಗರದ ಅಂಚಿನಲ್ಲಿ ತಾವೇ ಬಾವಿ ತೋಡಿಕೊಂಡಿದ್ದವರು ಒಟ್ಟಾಗಿ ಕಟ್ಟಿದ ಒಕ್ಕೂಟದ ದನಿಯಾಗಿದ್ದವರು ಕಾರ್ಮಿಕ ನಾಯಕ ಒಸ್ಕರ್ ಒಲಿವೆರಾ. ಏಪ್ರಿಲ್‌ನಲ್ಲಿ ಅಧ್ಯಕ್ಷ ಉಗೊ ಬಾನ್ಸೆರ್ ತುರ್ತು ಪರಿಸ್ಥಿತಿ ಹೇರಿದರು. ಗುಂಡೇಟಿಗೆ 17 ವರ್ಷದ ಹುಡುಗ ಸತ್ತ. ಕೊನೆಗೆ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಕಂಪನಿ ಅಂತಾರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಕೋಟಿಗಟ್ಟಲೆ ಡಾಲರ್ ಪರಿಹಾರ ಕೇಳಿ, 2006ರಲ್ಲಿ ನೆಪಮಾತ್ರದ 2 ಬೊಲಿವಿಯಾನೊಗೆ ರಾಜಿಯಾಯಿತು.

ಈ ವಿಷಯಕ್ಕೆ ಹೇಳಿ ಮಾಡಿಸಿದ ಹಾಗೆ ಒಂದು ಸಿನಿಮಾ ಇದೆ: ಇಸಿಯಾರ್ ಬೊಯಾಯಿನ್ ನಿರ್ದೇಶನದ, 2010ರ 'ತಂಬಿಯೆನ್ ಲಾ ಯೂವಿಯಾ'. ಅಂದರೆ 'ಮಳೆಯನ್ನೂ ಸಹ'. ಹಲವು ದೇಶಗಳ ಸ್ಪ್ಯಾನಿಶ್ ಶಿಕ್ಷಕರ ಅಚ್ಚುಮೆಚ್ಚಿನ ಚಿತ್ರ ಇದು. ಕೊಲಂಬಸ್ ಬಗ್ಗೆ ಸಿನಿಮಾ ಮಾಡೋಕೆ ಸ್ಪೇನ್‌ನ ತಂಡವೊಂದು ಕೊಚಬಂಬಾಕ್ಕೆ ಬರುತ್ತೆ, ಯಾಕೆಂದರೆ ಅಲ್ಲಿ ಮೂಲನಿವಾಸಿ ಜನ ಕಡಿಮೆ ಕೂಲಿಗೆ ಸಿಗ್ತಾರೆ. ಆಗಲೇ ನೀರಿನ ಹೋರಾಟ ಶುರು. ಅದರಲ್ಲೊಂದು ದೃಶ್ಯವನ್ನು ಯಾವ ಭಾಷಾ ತರಗತಿಯೂ ಬಿಡಬಾರದು. ನಿರ್ಮಾಪಕ ಕೋಸ್ತಾ, ಸ್ಥಳೀಯ ನಟ ದನಿಯೆಲ್ ಎದುರಿನಲ್ಲೇ ಫೋನಿನಲ್ಲಿ ಇಂಗ್ಲಿಷ್‌ನಲ್ಲಿ ಹೇಳ್ತಾನೆ, ದಿನಕ್ಕೆ ಎರಡು ಡಾಲರ್ ಕೊಟ್ಟರೆ ಇವರಿಗೆ ಖುಷಿಯೋ ಖುಷಿ ಅಂತ. ಇವನಿಗೆ ಇಂಗ್ಲಿಷ್ ಎಲ್ಲಿ ಅರ್ಥ ಆಗುತ್ತೆ ಅನ್ನುವ ಧೈರ್ಯ. ದನಿಯೆಲ್ ಅಮೆರಿಕದಲ್ಲಿ ಕಟ್ಟಡ ಕೆಲಸ ಮಾಡಿ ಬಂದವನು. ಅವನಿಗೆ ಪೂರ್ತಿ ಅರ್ಥ ಆಗಿರುತ್ತೆ.

ಇದನ್ನು ಬಿ1 ಮುಗಿಸಿದವರ ತರಗತಿಗೆ ತರೋದು ಹೇಗೆ? ಸಿನಿಮಾ ಹಾಕಿ 'ಅಭಿಪ್ರಾಯ ಹೇಳಿ' ಅಂದರೆ ಆಗೋದಿಲ್ಲ. ಇಬ್ಬರು ಮಾತಾಡ್ತಾರೆ, ಉಳಿದವರು ತಲೆ ಆಡಿಸ್ತಾರೆ. ಪ್ರಭು ಹೇಳಿದ ಮೂರು ಅಂತರಗಳನ್ನು ಸಾಲಾಗಿ ಕಟ್ಟಬೇಕು. ಅರ್ಧ ತರಗತಿಗೆ ಕಂಪನಿಯ ವಾದದ ಒಂದು ಪುಟ, ಇನ್ನರ್ಧಕ್ಕೆ ಬಡಾವಣೆಯ ನಿವಾಸಿಯೊಬ್ಬರ ಮಾತಿನ ಒಂದು ಪುಟ. ಒಬ್ಬರದ್ದು ಇನ್ನೊಬ್ಬರು ನೋಡೋ ಹಾಗಿಲ್ಲ, ಕೇಳಿ ತಿಳಿಯಬೇಕು. ಆಮೇಲೆ ತರ್ಕ: ಕಂಪನಿ ಹೇಳುವ ಸರಾಸರಿ ಏರಿಕೆ ಒಂದು, ಜನರ ಕೈಯಲ್ಲಿರುವ ಬಿಲ್ ಹೇಳುವ ಲೆಕ್ಕ ಇನ್ನೊಂದು, ಎರಡೂ ಸುಳ್ಳಲ್ಲದೆ ಇರೋದು ಹೇಗೆ ಸಾಧ್ಯ? ಸರಾಸರಿ ಅನ್ನೋದು ಏನೇನನ್ನು ಮುಚ್ಚಿಡುತ್ತೆ ಅಂತ ಸ್ಪ್ಯಾನಿಶ್‌ನಲ್ಲಿ ವಿವರಿಸಿ ನೋಡಿ, ಬೆವರು ಬರುತ್ತೆ. ಅಭಿಪ್ರಾಯ ಕೊನೆಗೆ. ಸಾರ್ವಜನಿಕ ಅಹವಾಲು ಸಭೆ, ಮೇಯರ್, ಕಂಪನಿಯವರು, ರೈತರು, ಪತ್ರಕರ್ತರು. ಆ ಹೊತ್ತಿಗೆ ಎಲ್ಲರ ಬಾಯಲ್ಲೂ 'ಗುತ್ತಿಗೆ', 'ದರ', 'ಬಾವಿ' ಸರಾಗವಾಗಿ ಓಡಾಡ್ತಿರ್ತವೆ.

ಈಗ ವ್ಯಾಕರಣ ನೋಡಿ, ಹುಡುಕಬೇಕಾಗಿಲ್ಲ, ತಾನೇ ಬಂದು ಬಾಗಿಲು ತಟ್ಟುತ್ತೆ. ಸ್ಪ್ಯಾನಿಶ್‌ನಲ್ಲಿ 'ಸೆ' ಅನ್ನುವ ಪುಟ್ಟ ಪದ ಇದೆ. 'ಎಲ್ ಗೋಬಿಯೆರ್ನೊ ಪ್ರಿವತಿಸೊ ಎಲ್ ಆಗ್ವಾ' ಅಂದರೆ ಸರ್ಕಾರ ನೀರನ್ನು ಖಾಸಗೀಕರಣ ಮಾಡಿತು. 'ಸೆ ಪ್ರಿವತಿಸೊ ಎಲ್ ಆಗ್ವಾ' ಅಂದರೆ ನೀರನ್ನು ಖಾಸಗೀಕರಣ ಮಾಡಲಾಯಿತು. ಯಾರು ಮಾಡಿದ್ದು? ಮಾಯ. ನಮ್ಮ ಪತ್ರಿಕಾ ಪ್ರಕಟಣೆಗಳ 'ಲಘು ಲಾಠಿ ಪ್ರಹಾರ ನಡೆಸಲಾಯಿತು' ಇದೇ ಜಾತಿಯದ್ದು. ಈ ಲೇಖನದ ಎರಡನೇ ವಾಕ್ಯದಲ್ಲಿ ನಾನೂ ಮೆಟ್ರೊ ದರ 'ಏರಿಸಲಾಯಿತು' ಅಂತಲೇ ಬರೆದೆ, ಏರಿಸಿದವರ ಹೆಸರು ಬರೆಯಲಿಲ್ಲ. ಎರಡು ಪತ್ರಿಕೆಗಳ ವರದಿ ಇಟ್ಟುಕೊಂಡು ಎಲ್ಲಿ 'ಸೆ' ಬಂದಿದೆ, ಎಲ್ಲಿ ಕರ್ತೃ ಇದ್ದಾನೆ ಅಂತ ಗೆರೆ ಎಳೆಸಿದರೆ, ಹತ್ತು ಪುಟದ ಅಭ್ಯಾಸಕ್ಕಿಂತ ಚೆನ್ನಾಗಿ ಆ ಪಾಠ ತಲೆಗಿಳಿಯುತ್ತೆ.

ಕನ್ನಡಿಗರಿಗೆ ಇರುವ ಅನುಕೂಲ, ಯಾರೂ ಹೇಳದ್ದು

ಮಾರುಕಟ್ಟೆಯಲ್ಲಿರುವ ಸ್ಪ್ಯಾನಿಶ್ ಸಾಮಗ್ರಿಯ ದೊಡ್ಡ ಪಾಲು ಇಂಗ್ಲಿಷ್ ಮಾತಾಡುವವರನ್ನು ಮನಸ್ಸಲ್ಲಿಟ್ಟು ಬರೆದದ್ದು. ಅದರಿಂದ ನಮಗಾಗುವ ನಷ್ಟ ಸಣ್ಣದಲ್ಲ. 'ಮೆ ಗುಸ್ತಾ ಎಲ್ ಕಫೆ' ಅನ್ನುವ ರಚನೆಯನ್ನು ಅವರಿಗೆ ಪುಟಗಟ್ಟಲೆ ವಿವರಿಸ್ತಾರೆ, ಯಾಕೆಂದರೆ ಇಂಗ್ಲಿಷ್‌ನಲ್ಲಿ 'ನಾನು' ಕಾಫಿಯನ್ನು ಇಷ್ಟಪಡಬೇಕು. ನಮಗೆ? 'ನನಗೆ ಕಾಫಿ ಇಷ್ಟ.' ಮುಗೀತು. 'ಮೆ ದುಯೆಲೆ ಲಾ ಕಬೆಸಾ', ನನಗೆ ತಲೆ ನೋಯ್ತಿದೆ. ಇಂಗ್ಲಿಷ್ ದಾರಿಯಲ್ಲಿ ಸುತ್ತಿ ಬರುವ ಅಗತ್ಯವೇ ಇಲ್ಲ.

ಇನ್ನೂ ಇದೆ. ಕ್ರಿಯಾಪದದ ಬಾಲ ನೋಡಿದರೆ ಯಾರು ಅಂತ ಗೊತ್ತಾಗುತ್ತೆ, ಆದ್ದರಿಂದ 'ನಾನು', 'ನೀನು' ಹೇಳದಿದ್ದರೂ ನಡೆಯುತ್ತೆ: 'ಆಬ್ಲೊ' ಅಂದರೆ ಮಾತಾಡ್ತೀನಿ. ತು ಮತ್ತು ಉಸ್ತೆದ್ ಅಂದರೆ ನೀನು ಮತ್ತು ನೀವು, ಬೊಗೊಟಾದಲ್ಲಿ ಗೆಳೆಯರೂ ಉಸ್ತೆದ್ ಅನ್ನೋದುಂಟು ಅನ್ನುವಂಥ ಮಜಾ ಬಿಟ್ಟರೆ. ಮಧ್ಯಮ ಹಂತದ ಭೂತ ಅಂತ ಹೆಸರಾದ ಎರಡು ಭೂತಕಾಲಗಳ ವಿಷಯವೂ ಅಷ್ಟೇ. 'ಫುಯಿ' ಅಂದರೆ ಹೋದೆ, 'ಇಬಾ' ಅಂದರೆ ಹೋಗ್ತಿದ್ದೆ. 'ಸಬಿಯಾ' ಅಂದರೆ ಗೊತ್ತಿತ್ತು, 'ಸುಪೆ' ಅಂದರೆ ಗೊತ್ತಾಯ್ತು. ಇಂಗ್ಲಿಷ್ ಪುಸ್ತಕಗಳು ಇದನ್ನು 'ಅರ್ಥ ಬದಲಾಯಿಸುವ ಕ್ರಿಯಾಪದಗಳು' ಅಂತ ವಿಶೇಷ ಬಾಕ್ಸ್ ಹಾಕಿ ಕಲಿಸ್ತವೆ. ಕನ್ನಡದಲ್ಲಿ ಇದು ಅಡುಗೆಮನೆ ಮಾತು.

ಇನ್ನು ಸಬ್‌ಜಂಕ್ಟಿವ್. ಬಿ1ರಲ್ಲಿ ಜನ ಕೈಚೆಲ್ಲುವ ಅಧ್ಯಾಯ. ಆದದ್ದನ್ನಲ್ಲ, ಆಗಲಿ ಅಂತ ಬಯಸಿದ್ದನ್ನು, ಆಗ್ರಹಿಸಿದ್ದನ್ನು, ಅನುಮಾನಿಸಿದ್ದನ್ನು ಹೇಳುವ ಕ್ರಿಯಾರೂಪ. 'ಕೆ ಸೆ ವಾಯಾ ಲಾ ಎಂಪ್ರೆಸಾ' ಅಂದರೆ ಕಂಪನಿ ತೊಲಗಲಿ. ಸ್ಪ್ಯಾನಿಶ್‌ನ 'ವಿವಾ' ಕೂಡ ಇದೇ ರೂಪ: ಬಾಳಲಿ, ಚಿರಾಯುವಾಗಲಿ. ಒಂದು ಮೆರವಣಿಗೆಯಲ್ಲಾದರೂ 'ಜಯವಾಗಲಿ', 'ಕಾಯ್ದೆ ರದ್ದಾಗಲಿ' ಅಂತ ಕೂಗಿದ್ದರೆ ನಿಮಗೆ ಸಬ್‌ಜಂಕ್ಟಿವ್‌ನ ಅರ್ಧ ಬರುತ್ತೆ ಅಂತಲೇ ಲೆಕ್ಕ.

ಉಳಿದರ್ಧ ಕಷ್ಟವೇ. 'ಅವನು ಬರ್ತಾನೆ ಅಂತ ನನಗನ್ನಿಸಲ್ಲ' ಅನ್ನುವಾಗ ನಾವು 'ಬರ್ತಾನೆ' ಅಂತಲೇ ಹೇಳ್ತೀವಿ, ಸ್ಪ್ಯಾನಿಶ್ ಅಲ್ಲೂ ರೂಪ ಬದಲಿಸು ಅನ್ನುತ್ತೆ. 'ಇರು' ಅನ್ನೋದಕ್ಕೆ ಸೆರ್, ಎಸ್ತಾರ್ ಅಂತ ಎರಡು ಕ್ರಿಯಾಪದ. ಮೇಜು ಹೆಣ್ಣು, ಪುಸ್ತಕ ಗಂಡು. ಅಲ್ಲಿ ಕನ್ನಡ ಕೈಕೊಡುತ್ತೆ. ನನ್ನ ತಕರಾರು ಇಷ್ಟೇ: ನಾವು ಎಡವುವ ಜಾಗ ಬೇರೆ, ಪುಸ್ತಕ ಕೈಹಿಡಿಯುವ ಜಾಗ ಬೇರೆ.

ಯಾರ ಸ್ಪ್ಯಾನಿಶ್?

ಸ್ಪ್ಯಾನಿಶ್ 20 ದೇಶಗಳ ಆಡಳಿತ ಭಾಷೆ, ಅದನ್ನು ಮನೆಮಾತಾಗಿ ಆಡುವವರು ಸುಮಾರು 50 ಕೋಟಿ. ಸ್ಪೇನ್‌ನಲ್ಲಿರೋದು ಅದರ ಹತ್ತನೇ ಒಂದು ಪಾಲು. ಹೆಚ್ಚು ಜನ ಇರೋದು ಮೆಕ್ಸಿಕೊದಲ್ಲಿ. ಆದರೂ ಪುಸ್ತಕದ ಆಡಿಯೊದಲ್ಲಿ ಹೆಚ್ಚಾಗಿ ಕೇಳೋದು ಮ್ಯಾಡ್ರಿಡ್ ಉಚ್ಚಾರ, ಕಲಿಯಬೇಕಾದ್ದು 'ವೊಸೊತ್ರೊಸ್' ಅನ್ನುವ, ಲ್ಯಾಟಿನ್ ಅಮೆರಿಕದ ದಿನನಿತ್ಯದ ಮಾತಿನಲ್ಲಿ ಇಲ್ಲದ ಸರ್ವನಾಮ. ಬ್ಯೂನಸ್ ಐರಿಸ್‌ನವರ 'ವೊಸ್' ಪಾಠದ ಮೂಲೆಯ ಟಿಪ್ಪಣಿ. ಧಾರವಾಡದ ಮಾತು ಪುಸ್ತಕದಲ್ಲಿ ತಮಾಷೆಗಷ್ಟೇ ಬರೋದನ್ನು ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ.

ಅದರ ಕೆಳಗೆ ಇನ್ನೊಂದು ಪದರ ಇದೆ. 2009ರ ಬೊಲಿವಿಯಾ ಸಂವಿಧಾನ ಸ್ಪ್ಯಾನಿಶ್ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಅಧಿಕೃತ ಅನ್ನುತ್ತೆ. ಪೆರಗ್ವೆಯಲ್ಲಿ ಗ್ವಾರನಿ ಅಧಿಕೃತ. ಕೊಚಬಂಬಾ ಸುತ್ತಮುತ್ತ ಬಹಳ ಜನರ ಮಾತು ಕೆಚುವಾ. ವಿಷಯ ಇಟ್ಟು ಕಲಿಸುವಾಗ ಈ ಸತ್ಯ ತಾನಾಗೇ ಮೇಲೆ ಬರುತ್ತೆ: ನಾವು ಕಲಿಯುತ್ತಿರುವ ಭಾಷೆ ಅಲ್ಲಿ ಬಂದಿದ್ದು ಹಡಗಿನಲ್ಲಿ, ಕತ್ತಿಯ ಜೊತೆ. ಹೋಟೆಲ್ ರೂಮಿನ ಪಾಠದಲ್ಲಿ ಅದಕ್ಕೆ ಜಾಗ ಇಲ್ಲ.

ಸಿಗುವುದೇನು, ಸಿಗದಿರುವುದೇನು

ಒಬ್ಬರೇ ಕಲಿಯುವವರಿಗೆ ನನ್ನ ಮೊದಲ ಸಲಹೆ 'ರೇಡಿಯೊ ಅಂಬುಲಾಂತೆ'. ಪೆರು ಮೂಲದ ಕಾದಂಬರಿಕಾರ ದನಿಯೆಲ್ ಅಲರ್ಕೊನ್ ಮತ್ತು ಗೆಳೆಯರು 2011ರಲ್ಲಿ ಶುರು ಮಾಡಿದ, ಲ್ಯಾಟಿನ್ ಅಮೆರಿಕದ ನಿಜ ಕಥೆಗಳ ಪಾಡ್‌ಕಾಸ್ಟ್. ಕಲಿಯುವವರಿಗಾಗಿ ಮಾಡಿದ್ದಲ್ಲ, ಅದೇ ಅದರ ಬೆಲೆ. ಕಂತುಗಳ ಪೂರ್ತಿ ಮಾತು ಬರಹದಲ್ಲೂ ಸಿಗುತ್ತೆ. ಮೊದಲು ಸುಮ್ಮನೆ ಕೇಳಿ, ಎರಡನೇ ಸಲ ಓದುತ್ತಾ ಕೇಳಿ, ಮೂರನೇ ಸಲ ಮತ್ತೆ ಕಣ್ಣು ಮುಚ್ಚಿ ಕೇಳಿ. ಆಮೇಲೆ ಯಾರಿಗಾದರೂ ಆ ಕಥೆಯನ್ನು ಸ್ಪ್ಯಾನಿಶ್‌ನಲ್ಲಿ ಹೇಳಿ, ಇಲ್ಲವೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಈ ಕೊನೆಯದನ್ನು ಬಿಟ್ಟರೆ ಕೆನಡಾದ ಮಕ್ಕಳ ಕಥೆಯೇ ನಿಮ್ಮದೂ. ಅದು ಕಷ್ಟ ಅನ್ನಿಸಿದರೆ 2017ರಲ್ಲಿ ಶುರುವಾದ ಡ್ಯುಯೊಲಿಂಗೊದ ಸ್ಪ್ಯಾನಿಶ್ ಪಾಡ್‌ಕಾಸ್ಟ್ ಇದೆ, ನಡುನಡುವೆ ಇಂಗ್ಲಿಷ್ ವಿವರಣೆ ಇರುತ್ತೆ.

ತರಗತಿಯ ಮಾತು ಬೇರೆ. ಕೊಚಬಂಬಾದಂಥ ಘಟಕ ಕಟ್ಟೋಕೆ ಶಿಕ್ಷಕರಿಗೆ ವಾರಗಟ್ಟಲೆ ಹಿಡಿಯುತ್ತೆ: ಪಠ್ಯ ಹುಡುಕಬೇಕು, ಬಿ1ಕ್ಕೆ ಇಳಿಸಬೇಕು, ಇಳಿಸುವಾಗ ಸತ್ವ ಹೋಗದ ಹಾಗೆ ನೋಡಬೇಕು. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ ಆ ವಾರಗಳಿಗೆ ಯಾರೂ ಕೊಡೋದಿಲ್ಲ. ನಾನು ಹೋಗ್ತಿದ್ದ ಕ್ಲಾಸಿನಲ್ಲಿ ಮೇಡಂ ಒಮ್ಮೆ ಅರ್ಜೆಂಟೀನಾದ 'ಪ್ಲಾಸಾ ದೆ ಮಾಯೊ ತಾಯಂದಿರ' ಬಗ್ಗೆ ಎರಡು ಪುಟ ಜೆರಾಕ್ಸ್ ಮಾಡಿಸಿ ತಂದಿದ್ದರು, ತಮ್ಮದೇ ದುಡ್ಡಲ್ಲಿ. ಮಕ್ಕಳು ಕಾಣೆಯಾದ ಮೇಲೆ 1977ರಿಂದ ಚೌಕದಲ್ಲಿ ಬಿಳಿ ಸ್ಕಾರ್ಫ್ ಕಟ್ಟಿ ಸುತ್ತಿದ ಹೆಂಗಸರು ಅವರು. ಅವತ್ತು ಮೊದಲ ಸಲ ಕ್ಲಾಸ್ ಮುಗಿದಿದ್ದು ಗೊತ್ತಾಗಲಿಲ್ಲ. ಮುಂದಿನ ವಾರ ಆಫೀಸಿನಿಂದ ಸೂಚನೆ ಬಂತು, ಪರೀಕ್ಷೆಗೆ ಇಲ್ಲದ್ದು ಬೇಡ, ರಾಜಕೀಯ ಬೇಡ ಅಂತ. ಮತ್ತೆ ಬಟ್ಟೆ ಅಂಗಡಿ.

ಆ ಭಯದಲ್ಲಿ ಸ್ವಲ್ಪ ನ್ಯಾಯವೂ ಇದೆ, ಒಪ್ಪಿಕೊಳ್ಳಬೇಕು. ಶಿಕ್ಷಕರ ಅಭಿಪ್ರಾಯವೇ ಸರಿ ಉತ್ತರ ಅನ್ನುವ ತರಗತಿಯಲ್ಲಿ ಮಾತು ಬೆಳೆಯೋದಿಲ್ಲ. ಕಂಪನಿಯ ಪರ ವಾದಿಸುವವನಿಗೂ ಅಷ್ಟೇ ಒಳ್ಳೆಯ ಪುಟ ಕೊಡಬೇಕು, ಇಲ್ಲವಾದರೆ ಅದು ಭಾಷಣ, ಪಾಠ ಅಲ್ಲ. ಪರೀಕ್ಷೆಯ ಚಿಂತೆಗೆ ಮಾತ್ರ ನನ್ನ ಹತ್ತಿರ ಕನಿಕರ ಕಮ್ಮಿ. ಡೆಲೆ ಬಿ2 ಕೇಳೋದೇ ಅಭಿಪ್ರಾಯ ಮಂಡಿಸಿ, ಸಮರ್ಥಿಸಿ ಅಂತ.

ಕ್ಲಾಸ್ ಬಿಟ್ಟಮೇಲೆ ನಾವು ನಾಲ್ಕು ಜನ ಶನಿವಾರ ಸಂಜೆ ಒಬ್ಬರ ಮನೆಯಲ್ಲಿ ಸೇರತೊಡಗಿದೆವು. ಇಬ್ಬರು ಐಟಿ, ಒಬ್ಬಳು ಮೆಕ್ಸಿಕೊ ಕಡೆಯ ಕರೆ ತಗೊಳ್ಳುವ ಕಸ್ಟಮರ್ ಸಪೋರ್ಟ್‌ನಲ್ಲಿ, ಮತ್ತೆ ನಾನು. 'ತಂಬಿಯೆನ್ ಲಾ ಯೂವಿಯಾ' ನೋಡಿದೆವು, ಅಹವಾಲು ಸಭೆ ಮಾಡಿದೆವು. ಎರಡು ಗಂಟೆ ಬಾಯೇ ಬಿಡದಿದ್ದ ಐಟಿ ಗೆಳೆಯ, ಕಂಪನಿ ಪಾತ್ರ ಮಾಡ್ತಿದ್ದ ನನ್ನ ಮೇಲೆ ರೇಗಿ ಕೊನೆಗೆ ಒಂದು ವಾಕ್ಯ ಹೇಳಿದ: 'ನೊ ಕಿಯೆರೊ ಕೆ ಲಾ ಯೂವಿಯಾ ಎಸ್ ದೆ ಉಸ್ತೆದೆಸ್.' ಮಳೆ ನಿಮ್ಮದಾಗೋದು ನನಗೆ ಬೇಡ. 'ಎಸ್' ತಪ್ಪು, ಅಲ್ಲಿ 'ಸೆಆ' ಬರಬೇಕು. ಯಾರೂ ತಡೆಯಲಿಲ್ಲ. ಸಭೆ ಮುಗಿದು ಟೀ ಕುಡಿಯುವಾಗ ಸಪೋರ್ಟ್‌ನವಳು ಆ ವಾಕ್ಯವನ್ನು ಕಾಗದದಲ್ಲಿ ಬರೆದು ಅವನ ಮುಂದೆ ಇಟ್ಟಳು. ಅವನು ಒಂದು ನಿಮಿಷ ನೋಡಿ 'ಎಸ್' ಹೊಡೆದುಹಾಕಿ 'ಸೆಆ' ಬರೆದ. ಆಮೇಲೆ, ಮುಂದಿನ ವಾರ ಕಂಪನಿ ಪಾತ್ರ ನಾನು ಮಾಡ್ತೀನಿ ಅಂದ.